ಸುತ್ತಿಗೆ ಹಿಡಿದವರು ಕಟ್ಟಿದ ಆಸ್ಪತ್ರೆ

(ಕಲ್ಲುಕ್ವಾರಿ ಕೂಲಿಕಾರರ ಸಭೆಯೊಂದರಲ್ಲಿ ಆಡಿದ ಮಾತು. ಹೆಚ್ಚು ತಿದ್ದದೆ ಕೊಟ್ಟಿದ್ದೇವೆ.)



ಕಲ್ಲು ಒಡೆಯುವವರೆಲ್ಲ ಸೇರಿ ಒಂದು ಸಂಘ ಕಟ್ಟಿಕೊಳ್ಳಬೇಕು ಅಂತ ಈ ಸಭೆ ಕರೆದಿದ್ದೀರಿ. ಸಂಘ ಮಾಡಿಕೊಂಡರೆ ಸಾಲ ಸಿಗುತ್ತೆ, ಕೇರಿಗೆ ರಸ್ತೆ ಬರುತ್ತೆ, ನಲ್ಲಿ ಬರುತ್ತೆ ಅಂತ ಆಫೀಸಿನವರು ಹೇಳಿ ಹೋಗಿದ್ದಾರಂತೆ. ಬರಲಿ. ಬೇಡ ಅನ್ನುವವರು ಇಲ್ಲಿ ಯಾರೂ ಇಲ್ಲ. ಆದರೆ ಸಂಘ ಅನ್ನೋ ಮಾತು ಕೇಳಿದ ಕೂಡಲೆ ನಮಗೆ ಒಂದು ಪ್ರಶ್ನೆ ಏಳುತ್ತದೆ. ಆ ಸಂಘದ ರಬ್ಬರ್ ಸ್ಟಾಂಪು ಯಾರ ಜೇಬಿನಲ್ಲಿ ಇರುತ್ತದೆ?

ಹೀಗೆ ಯಾಕೆ ಕೇಳ್ತೀವಿ ಅಂದರೆ, ನಮ್ಮ ಜನರ ಹೆಸರು ಹೊತ್ತ ಸಂಘಗಳಿಗೆ ಈ ನಾಡಿನಲ್ಲಿ ಬರಗಾಲ ಇಲ್ಲ. ಸಹಕಾರ ಸಂಘಗಳ ಕಾಯ್ದೆ 1959ರಿಂದ ಇದೆ. ಬೈಲಾ ಬರೆದು ಕೊಡುವವರೂ ಇದ್ದಾರೆ. ಅಧ್ಯಕ್ಷ ನಮ್ಮವನೆ, ಹೆಬ್ಬೆಟ್ಟು ನಮ್ಮದೆ, ಬಂಡೆ ಮೇಲೆ ಬಿದ್ದ ಬೆವರೂ ನಮ್ಮದೆ. ಲಾರಿ ಮಾತ್ರ ಗೌಡರದು, ಕ್ರಷರು ಮಾತ್ರ ಸಾಹುಕಾರರದು, ಲೆಕ್ಕದ ಪುಸ್ತಕ ಮಾತ್ರ ಅವರ ಗುಮಾಸ್ತನ ಹತ್ತಿರ. ಇಂಥ ಸಂಘ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ. ಕೊನೆಗೆ ಸಾಲದ ನೋಟೀಸಾದರೂ ನಮ್ಮ ಹೆಸರಿಗೆ ಬರೋದಿಲ್ಲ.

ಬೆಂಗಳೂರಿನ ವಿಧಾನಸೌಧವನ್ನು ನೀವೆಲ್ಲ ನೋಡಿದ್ದೀರಿ, ಇಲ್ಲವೆ ಚಿತ್ರದಲ್ಲಿ ನೋಡಿದ್ದೀರಿ. 1956ರಲ್ಲಿ ಮುಗಿದ ಕಟ್ಟಡ, ಎಲ್ಲ ಕಲ್ಲಿನದು. ಅದರ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಅಂತ ಬರೆದಿದ್ದಾರೆ. ಆ ಅಕ್ಷರಗಳು ನಿಂತಿರುವುದು ಕಲ್ಲಿನ ಮೇಲೆ. ಕಲ್ಲು ಒಡೆದವರ ಕೆಲಸ ಯಾರ ಕೆಲಸ ಅಂತ ಮಾತ್ರ ಎಲ್ಲೂ ಬರೆದಿಲ್ಲ.

ಇವತ್ತು ನಾವು ದೂರದ ಒಂದು ಊರಿನ ಸಂಗತಿ ಹೇಳಬೇಕು ಅಂತ ಬಂದಿದ್ದೀವಿ. ಅಲ್ಲಿಯವರು ಒಡೆದಿದ್ದು ಕಬ್ಬಿಣದ ಅದಿರು, ನೀವು ಒಡೆಯೋದು ಬಿಳಿಗಲ್ಲು. ಕೈಯಲ್ಲಿದ್ದ ಸುತ್ತಿಗೆ ಒಂದೆ. ಎತ್ತಿಕೊಂಡು ಹೋಗುವ ಲಾರಿಯೂ ಒಂದೆ, ನಡುವೆ ನಿಂತು ತಿನ್ನುವ ಗುತ್ತಿಗೆದಾರನೂ ಒಂದೆ.

ಆ ಊರಿನ ಹೆಸರು ದಲ್ಲಿ ರಾಜಹರಾ. ಛತ್ತೀಸಗಡದಲ್ಲಿದೆ. ಆಗ ಅದು ಮಧ್ಯಪ್ರದೇಶದ ದುರ್ಗ್ ಜಿಲ್ಲೆಗೆ ಸೇರಿತ್ತು. ರಷ್ಯಾದವರ ಸಹಾಯದಿಂದ ಭಿಲಾಯಿಯಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಕಟ್ಟಿದರಲ್ಲ, 1959ರಲ್ಲಿ ಅದರ ಕುಲುಮೆ ಹತ್ತಿಕೊಂಡಿತು. ಆ ಕುಲುಮೆಯ ಹೊಟ್ಟೆಗೆ ಅದಿರು ಹೋಗೋದು ಈ ದಲ್ಲಿ ರಾಜಹರಾ ಬೆಟ್ಟಗಳಿಂದ. ಅಲ್ಲಿ ಎರಡು ಥರದ ಕೆಲಸಗಾರರಿದ್ದರು. ಕಂಪೆನಿ ರಿಜಿಸ್ಟರಿನಲ್ಲಿ ಹೆಸರಿದ್ದ ಕಾಯಂ ನೌಕರರು ಒಂದು ಕಡೆ. ಅವರಿಗೆ ಕ್ವಾರ್ಟರ್ಸು, ಆಸ್ಪತ್ರೆ, ಸ್ಕೂಲು ಎಲ್ಲ ಇತ್ತು. ಇನ್ನೊಂದು ಕಡೆ ಗುತ್ತಿಗೆದಾರನ ಕೈಕೆಳಗೆ ಸುತ್ತಿಗೆಯಿಂದ ಅದಿರು ಒಡೆದು ರಾಶಿ ಹಾಕುವವರು, ಲಾರಿಗೆ ತುಂಬುವವರು. ಗಂಡ ಹೆಂಡತಿ ಇಬ್ಬರೂ ದುಡಿಯಬೇಕು. ಟನ್ನಿನ ಲೆಕ್ಕದಲ್ಲಿ ಕೂಲಿ. ಗುಡಿಸಲಲ್ಲಿ ವಾಸ. ಇವರೆಲ್ಲ ಆದಿವಾಸಿಗಳು, ಸತ್ನಾಮಿಗಳು, ಹಿಂದುಳಿದ ಜಾತಿಯ ಬಡವರು. ಸತ್ನಾಮಿಗಳು ಅಂದರೆ ಗುರು ಘಾಸಿದಾಸರ ಹಾದಿಯವರು, ನಮ್ಮ ಹಾಗೇ ಊರ ಹೊರಗೆ ಇಟ್ಟ ಜನ. ಅದೇ ಬೆಟ್ಟ, ಅದೇ ಅದಿರು, ಅದೇ ಬಿಸಿಲು. ಒಬ್ಬನಿಗೆ ಕ್ವಾರ್ಟರ್ಸು, ಇನ್ನೊಬ್ಬನಿಗೆ ಗುಡಿಸಲು. ಇದನ್ನ ಗುತ್ತಿಗೆ ಪದ್ಧತಿ ಅಂತಾರೆ. ನಮಗೆ ಇದು ಜಾತಿ ಪದ್ಧತಿ ಥರಾನೇ ಕಾಣುತ್ತೆ. ಬಾವಿ ಒಂದೆ, ಹಗ್ಗ ಬೇರೆ.

1977ರಲ್ಲಿ ಬೋನಸ್ಸಿನ ಒಪ್ಪಂದ ಆಯಿತು. ಕಾಯಂ ಕೆಲಸಗಾರನಿಗೆ 308 ರೂಪಾಯಿ, ಗುತ್ತಿಗೆ ಕೆಲಸಗಾರನಿಗೆ 70 ರೂಪಾಯಿ. ಸಹಿ ಹಾಕಿದ್ದು ಕಂಪೆನಿಯವರು ಮಾತ್ರ ಅಲ್ಲ, ಅಲ್ಲಿದ್ದ ದೊಡ್ಡ ದೊಡ್ಡ ಯೂನಿಯನ್ನಿನವರೂ ಹಾಕಿದ್ದರು. ಇವರಿಗೂ ಚಂದಾ ಕೊಟ್ಟು ಬಂದಿದ್ದ ಜನ ಅವತ್ತು ಎಲ್ಲ ಬಾವುಟ ಕೆಳಗಿಟ್ಟು ಹೊರಗೆ ಬಂದರು. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಮೈದಾನದಲ್ಲಿ ಸಾವಿರಗಟ್ಟಲೆ ಜನ ಕೂತರು. ಆಗ ತಾನೆ ತುರ್ತು ಪರಿಸ್ಥಿತಿಯ ಜೈಲಿನಿಂದ ಹೊರಗೆ ಬಂದಿದ್ದ ಶಂಕರ್ ಗುಹಾ ನಿಯೋಗಿಯನ್ನ ಕರೆಸಿಕೊಂಡರು. ನಿಯೋಗಿ ಬಂಗಾಳದ ಕಡೆಯಿಂದ ಬಂದು ಭಿಲಾಯಿ ಕಾರ್ಖಾನೆಯಲ್ಲಿ ದುಡಿದವರು. ಅಲ್ಲಿಂದ ಹೊರಬಿದ್ದ ಮೇಲೆ ಹೆಸರು ಬದಲಾಯಿಸಿಕೊಂಡು ಹಳ್ಳಿ ಹಳ್ಳಿ ತಿರುಗಿದರು. ದಾನಿಟೋಲಾ ಎಂಬಲ್ಲಿ ಗಣಿ ಕೂಲಿಯಾಗಿ ಕಲ್ಲು ಒಡೆದರು. ಗಣಿ ಕೂಲಿ ಮಾಡುತ್ತಿದ್ದ ಆಶಾ ಎಂಬುವವರನ್ನ ಮದುವೆಯಾದರು. ಭಾಷಣ ಮಾಡೋಕೆ ಕಾರಿನಲ್ಲಿ ಬಂದು ಹೋಗುವ ಲೀಡರ್ ಅಲ್ಲ ಅನ್ನೋದಕ್ಕೆ ಇಷ್ಟು ಹೇಳಿದೆವು. ಜನ ಅವರನ್ನು ಹುಡುಕಿಕೊಂಡು ಹೋದರು ಅನ್ನೋದು ಮುಖ್ಯ. ಲೀಡರ್ ಬಂದು ಜನರನ್ನ ಹುಡುಕಿದ್ದಲ್ಲ.

ಹೀಗೆ ಹುಟ್ಟಿದ್ದು ಛತ್ತೀಸಗಡ ಮೈನ್ಸ್ ಶ್ರಮಿಕ್ ಸಂಘ. ಅದರ ಮೊದಮೊದಲ ಬೇಡಿಕೆಗಳನ್ನ ಕೇಳಿ. ಮಳೆಗಾಲಕ್ಕೆ ಮುಂಚೆ ಗುಡಿಸಲು ರಿಪೇರಿ ಮಾಡಿಕೊಳ್ಳೋಕೆ ಬೊಂಬು ಗಳಕ್ಕೆ ಅಂತ 100 ರೂಪಾಯಿ ಭತ್ಯ. ಇನ್ನೊಂದು, ಕೆಲಸಗಾರ ಬಂದು ನಿಂತಾಗ ಕಂಪೆನಿಯೇ ಕೆಲಸ ಕೊಡದಿದ್ದರೆ ಆ ದಿನಕ್ಕೂ ಒಂದಿಷ್ಟು ಕೂಲಿ. ಎಷ್ಟು ಸಣ್ಣ ಬೇಡಿಕೆ ಅನ್ನಿಸುತ್ತೆ. ಸೋರುವ ಗುಡಿಸಲಲ್ಲಿ ಇದ್ದವರಿಗೆ ಮಾತ್ರ ಅದು ಎಷ್ಟು ದೊಡ್ಡದು ಅಂತ ಗೊತ್ತು. ಒಪ್ಪಂದವೂ ಆಯಿತು. ದುಡ್ಡು ಕೊಡುವ ದಿನ ಗುತ್ತಿಗೆದಾರರು ಕೈ ಎತ್ತಿದರು. ಜನ ಕೆಲಸ ನಿಲ್ಲಿಸಿದರು. ಜೂನ್ 2ರ ರಾತ್ರಿ ಪೊಲೀಸರು ಬಂದು ಯೂನಿಯನ್ ಗುಡಿಸಲಿನಿಂದ ನಿಯೋಗಿಯನ್ನ ಹೊತ್ತುಕೊಂಡು ಹೋದರು. ಹಿಂದೆ ಉಳಿದ ಪೊಲೀಸರನ್ನ ಜನ ಸುತ್ತುಗಟ್ಟಿದರು, ನಮ್ಮವರನ್ನ ಬಿಡಿ, ನಿಮ್ಮವರನ್ನ ಬಿಡ್ತೀವಿ ಅಂತ. ಆ ರಾತ್ರಿ ಮತ್ತು ಮರುದಿನ ಗುಂಡು ಹಾರಿತು. 11 ಜನ ಸತ್ತರು. ಅನುಸೂಯಾ ಬಾಯಿ ಅನ್ನೋ ಹೆಂಗಸು ಸತ್ತಳು, ಸುದಾಮ ಅನ್ನೋ ಹುಡುಗ ಸತ್ತ. ತುರ್ತು ಪರಿಸ್ಥಿತಿ ಹೋಯಿತು, ಪ್ರಜಾಪ್ರಭುತ್ವ ಬಂತು ಅಂತ ದೇಶವೆಲ್ಲ ಸಿಹಿ ಹಂಚಿ ಮೂರು ತಿಂಗಳೂ ಆಗಿರಲಿಲ್ಲ. ಬೊಂಬು ಗಳದ ದುಡ್ಡು ಕೇಳಿದ್ದಕ್ಕೆ ಹನ್ನೊಂದು ಹೆಣ.

ಜನ ಹೆದರಿ ಚದುರಲಿಲ್ಲ. ಮುಷ್ಕರ ಮುಂದುವರಿಸಿದರು. ಕೊನೆಗೆ ಕೇಳಿದ್ದನ್ನ ಪಡೆದುಕೊಂಡೇ ಸುತ್ತಿಗೆ ಎತ್ತಿದರು.

ಇಲ್ಲಿಯತನಕ ಹೇಳಿದ್ದು ಯೂನಿಯನ್ನಿನ ಕಥೆ. ಇಂಥ ಕಥೆ ಬೇರೆ ಕಡೆಯೂ ಇದಾವೆ. ಮುಂದಿನದಕ್ಕಾಗಿ ನಾವು ಈ ಊರನ್ನ ಆರಿಸಿಕೊಂಡಿದ್ದು.

ಕೂಲಿ ಏರಿತು. ಏರಿದ ಕೂಲಿ ಎಲ್ಲಿಗೆ ಹೋಯಿತು? ಸಾರಾಯಿ ಅಂಗಡಿಗೆ ಹೋಯಿತು. ನಗಬೇಡಿ. ನಮ್ಮ ಕ್ವಾರಿಗಳ ಬಾಯಲ್ಲೂ ಬಟವಾಡೆ ದಿನ ಮೊದಲು ತೆರೆಯೋದು ಯಾವ ಅಂಗಡಿ ಅಂತ ಇಲ್ಲಿ ಕೂತಿರೋ ಅಕ್ಕಂದಿರನ್ನ ಕೇಳಿ. ದಲ್ಲಿ ರಾಜಹರಾದಲ್ಲಿ ಹೆಂಗಸರೇ ಮುಂದೆ ನಿಂತು ಕುಡಿತದ ವಿರುದ್ಧ ಎದ್ದರು. ಸಂಘದವರು ಕುಡಿದರೆ ಸಂಘವೇ ದಂಡ ಹಾಕಿತು. ಕುಡಿಯೋದು ಪಾಪ ಅಂತ ಸ್ವಾಮಿಗಳ ಥರ ಉಪದೇಶ ಮಾಡಲಿಲ್ಲ. ಸತ್ತ ಹನ್ನೊಂದು ಜನರ ರಕ್ತದಿಂದ ಬಂದ ದುಡ್ಡು ಸಾರಾಯಿ ಕಂಟ್ರಾಕ್ಟರನ ಗಲ್ಲಕ್ಕೆ ಹೋಗಬಾರದು ಅಂದರು. ಸರ್ಕಾರಕ್ಕೆ ಇದು ಸಂತೋಷ ಕೊಡಬೇಕಾಗಿತ್ತು ಅಲ್ಲವೆ? 1981ರಲ್ಲಿ ನಿಯೋಗಿಯನ್ನ ರಾಷ್ಟ್ರೀಯ ಭದ್ರತಾ ಕಾಯ್ದೆಯ ಕೆಳಗೆ ಒಳಗೆ ಹಾಕಿದರು.

ಇನ್ನು ಆಸ್ಪತ್ರೆ ವಿಷಯ. ಸಂಘದ ಉಪಾಧ್ಯಕ್ಷೆ ಕುಸುಮ್ ಬಾಯಿ ಹೆರಿಗೆಯಲ್ಲಿ ತೀರಿಕೊಂಡರು. ಹತ್ತಿರದಲ್ಲೇ ಕಂಪೆನಿ ಆಸ್ಪತ್ರೆ ಇತ್ತು. ಗುತ್ತಿಗೆ ಕೂಲಿ ಹೆಂಗಸಿಗೆ ಸಿಗಬೇಕಾದ ಆರೈಕೆ ಅಲ್ಲಿ ಸಿಗಲಿಲ್ಲ. ಬೇರೆ ಕಡೆ ಆಗಿದ್ದರೆ ಒಂದು ಮೆರವಣಿಗೆ, ಒಂದು ಮನವಿ ಪತ್ರ, ಒಂದು ವಿಚಾರಣಾ ಸಮಿತಿ. ಇವರೂ ಮೆರವಣಿಗೆ ಮಾಡಿದರು. ಆಮೇಲೆ, ನಮ್ಮ ಹೆಂಗಸರಿಗೆ ನಾವೇ ಹೆರಿಗೆ ಮನೆ ಕಟ್ಟುತ್ತೇವೆ ಅಂತ ತೀರ್ಮಾನ ಮಾಡಿದರು. 1982ರಲ್ಲಿ ಸಂಘದ ಕಚೇರಿ ಪಕ್ಕದಲ್ಲೇ ಸಣ್ಣ ದವಾಖಾನೆ ಸುರುವಾಯಿತು. ಬಿನಾಯಕ್ ಸೇನ್, ಆಶಿಷ್ ಕುಂಡು, ಸೈಬಲ್ ಜಾನಾ ಅನ್ನೋ ಡಾಕ್ಟರುಗಳು ಬಂದು ಸೇರಿಕೊಂಡರು. ಕೆಲಸಗಾರರು ತಮ್ಮ ಭತ್ಯದ ದುಡ್ಡಿನಿಂದ ಚಂದಾ ಹಾಕಿದರು. ಪಾಳಿ ಮುಗಿಸಿ ಬಂದು ಇಟ್ಟಿಗೆ ಹೊತ್ತರು. 1983ರ ಜೂನ್ 3ರಂದು, ಗೋಲಿಬಾರ್ ಆಗಿ ಸರಿಯಾಗಿ ಆರು ವರ್ಷಕ್ಕೆ, 15 ಹಾಸಿಗೆಯ ಶಹೀದ್ ಆಸ್ಪತ್ರೆ ಬಾಗಿಲು ತೆರೆಯಿತು. ಬಾಗಿಲು ತೆರೆದವರು ಮಂತ್ರಿಗಳಲ್ಲ, ಒಬ್ಬ ಮುದಿ ಗಣಿ ಕೆಲಸಗಾರ, ಒಬ್ಬ ಮುದಿ ರೈತ. ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳೋ ಚಟ ಇರುವ ನಮ್ಮ ನಾಡಿನವರು ಇದನ್ನ ಗಮನಿಸಬೇಕು.

ಆ ಆಸ್ಪತ್ರೆಗೆ ಸಂಘದವರ ಮಕ್ಕಳೇ, ಸುತ್ತಿಗೆ ಹಿಡಿದ ಕೈಗಳೇ ಆರೋಗ್ಯ ಕೆಲಸಗಾರರಾದರು. ರಕ್ತದೊತ್ತಡ ನೋಡೋದು, ಗಾಯ ಕಟ್ಟೋದು ಕಲಿತರು. ಬೇಡದ ಇಂಜೆಕ್ಷನ್ನು, ಬಣ್ಣದ ನೀರಿನ ಟಾನಿಕ್ಕು ಇವುಗಳ ವಿರುದ್ಧ ಪ್ರಚಾರ ಮಾಡಿದರು. ಭೇದಿ ಆದ ಮಗುವಿಗೆ ಉಪ್ಪು ಸಕ್ಕರೆ ನೀರು ಕುಡಿಸೋದನ್ನ ಮನೆ ಮನೆಗೆ ಹೇಳಿಕೊಟ್ಟರು. ಸುತ್ತಮುತ್ತಲ ಹಳ್ಳಿಯ ರೈತ ಕೂಲಿಗಳೂ ಅಲ್ಲಿಗೇ ಬಂದರು. ಸಂಘದ ಬಾವುಟವೇ ಕೆಂಪು ಹಸಿರು, ಕೆಂಪು ಕಾರ್ಮಿಕನದು, ಹಸಿರು ರೈತನದು. ಆಮೇಲೆ ಹಾಸಿಗೆಗಳು ನೂರು ದಾಟಿದವು. ಆ ಆಸ್ಪತ್ರೆ ಇವತ್ತಿಗೂ ನಡೀತಾ ಇದೆ. ಇದರ ಜೊತೆಗೆ ಶಾಲೆಗಳನ್ನು ತೆರೆದರು, ಹುಡುಗರಿಗೆ ರಿಪೇರಿ ಕೆಲಸ ಕಲಿಸುವ ಗ್ಯಾರೇಜು ಮಾಡಿದರು. ಬರಗಾಲದಲ್ಲಿ ಸಾಹುಕಾರನ ಕಣಜ ಒಡೆದು ಜನಕ್ಕೆ ಧಾನ್ಯ ಹಂಚಿ, 1857ರ ಡಿಸೆಂಬರಿನಲ್ಲಿ ರಾಯಪುರದಲ್ಲಿ ಗಲ್ಲಿಗೇರಿದ ಸೋನಾಖಾನಿನ ವೀರ ನಾರಾಯಣ ಸಿಂಗನನ್ನ ಪುಸ್ತಕದ ಮೂಲೆಯಿಂದ ಎತ್ತಿ ಬೀದಿಗೆ ತಂದವರೂ ಇವರೇ. ಸಂಘರ್ಷ ಮತ್ತು ನಿರ್ಮಾಣ ಅಂತ ಅವರು ಕರೆದರು. ಹೊಡೆದಾಡೋದೂ ಬೇಕು, ಕಟ್ಟೋದೂ ಬೇಕು.

ಇದನ್ನೇ ಈಗ ಸಮುದಾಯ ಅಭಿವೃದ್ಧಿ ಅಂತ ಆಫೀಸಿನವರು ಹೇಳೋದು. ವ್ಯತ್ಯಾಸ ಏನು ಅಂದರೆ, ದಲ್ಲಿ ರಾಜಹರಾದಲ್ಲಿ ಮೊದಲು ಯಾವುದು ಬೇಕು ಅನ್ನೋದನ್ನ ತೀರ್ಮಾನ ಮಾಡಿದ್ದು ಅದಿರು ಒಡೆದವರು. ಅವರಿಗೆ ಮೊದಲು ಬೇಕಾಗಿದ್ದು ಹೆರಿಗೆ ಮನೆ. ಡಿ.ಸಿ. ಆಫೀಸಿನ ಕೋಣೆಯಲ್ಲಿ ಕೂತವರು ತೀರ್ಮಾನ ಮಾಡಿದ್ದರೆ ಅದು ಕಮಾನು ಇರೋ ಬಸ್ ಸ್ಟಾಂಡು ಆಗಿರೋದು.

ಯಂತ್ರದ ಮಾತೂ ಹೇಳಬೇಕು, ಯಾಕಂದರೆ ನಿಮ್ಮ ಕ್ವಾರಿಗೂ ಹಿಟಾಚಿ ಬಂದು ನಿಂತಿದೆ. 1978ರ ಏಪ್ರಿಲಿನಲ್ಲಿ ಅದೇ ಸೀಮೆಯ ಬೈಲಾಡಿಲಾ ಗಣಿಯಲ್ಲಿ ಯಂತ್ರ ಬಂತು. ಸಾವಿರಾರು ಕೈಕೆಲಸದವರನ್ನ ಮನೆಗೆ ಕಳಿಸಿದರು. ಎದುರು ನಿಂತವರ ಮೇಲೆ ಗುಂಡು ಹಾರಿತು. ಅದನ್ನ ನೋಡಿದ ದಲ್ಲಿ ರಾಜಹರಾದವರು ಯಂತ್ರವೇ ಬೇಡ ಅಂತ ಕೂಗಲಿಲ್ಲ. ಅರ್ಧ ಯಂತ್ರ, ಅರ್ಧ ಕೈಕೆಲಸ ಅನ್ನೋ ಒಂದು ಯೋಜನೆಯನ್ನ ತಾವೇ ತಯಾರು ಮಾಡಿ ಕಂಪೆನಿ ಮುಂದೆ ಇಟ್ಟರು. ಅದಿರು ಒಡೆದು ಎತ್ತೋ ಕೆಲಸ ಜನರಿಗಿರಲಿ, ಪುಡಿ ಮಾಡುವ, ಸಾಗಿಸುವ ಕೆಲಸ ಯಂತ್ರ ಮಾಡಲಿ ಅಂತ. ಲೆಕ್ಕ ಹಾಕಿ ತೋರಿಸಿದರು. ಬಹಳ ವರ್ಷ ಪೂರ್ತಿ ಯಂತ್ರೀಕರಣವನ್ನ ತಡೆದು ನಿಲ್ಲಿಸಿದರು. ಯಂತ್ರ ಬಂದರೆ ಮೊದಲು ಮನೆಗೆ ಹೋಗೋದು ಹೆಂಗಸರು. ಡ್ರೈವರ್ ಕೆಲಸ ಅವರಿಗೆ ಕೊಡೋದಿಲ್ಲ. ಹೆಂಗಸರೇ ಸಂಘದ ಬೆನ್ನೆಲುಬಾಗಿದ್ದ ಕಡೆ ಈ ಮಾತು ಮರೆಯೋಕೆ ಆಗಲಿಲ್ಲ. ಗಂಡಸರೇ ತುಂಬಿರುವ ಸಂಘಗಳಲ್ಲಿ ಇದು ಯಾರ ನೆನಪಿಗೂ ಬರೋದಿಲ್ಲ. ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರೋರೆಲ್ಲ ಗಂಡಸರೇ. ಅಕ್ಕಂದಿರನ್ನ ಹಿಂದೆ ಬೇವಿನ ಮರದ ಕೆಳಗೆ ಕೂರಿಸಿದ್ದೀರಿ.

ನಿಯೋಗಿಯನ್ನ 1991ರ ಸೆಪ್ಟೆಂಬರ್ 28ರ ನಸುಕಿನಲ್ಲಿ ಭಿಲಾಯಿಯಲ್ಲಿ ಮಲಗಿದ್ದಾಗ ಕಿಟಕಿಯಿಂದ ಗುಂಡಿಟ್ಟು ಕೊಂದರು. ಆ ಹೊತ್ತಿಗೆ ಅವರು ಭಿಲಾಯಿಯ ಖಾಸಗಿ ಕಾರ್ಖಾನೆಗಳ ಗುತ್ತಿಗೆ ಕೂಲಿಗಳನ್ನ ಸಂಘಟಿಸುತ್ತಿದ್ದರು. ಮರುವರ್ಷ ಜುಲೈ 1ರಂದು ಅಲ್ಲೇ ರೈಲು ಹಳಿಯ ಮೇಲೆ ಕೂತ ಕಾರ್ಮಿಕರ ಮೇಲೆ ಗುಂಡು ಹಾರಿಸಿ ಹದಿನಾರಕ್ಕೂ ಕಡಿಮೆಯಿಲ್ಲದಷ್ಟು ಜನರನ್ನ ಕೊಂದರು. ಕೊಲೆ ಕೇಸಿನಲ್ಲಿ 1997ರಲ್ಲಿ ಸೆಷನ್ಸ್ ಕೋರ್ಟು ಉದ್ಯಮಿಗಳಿಗೂ ಶಿಕ್ಷೆ ಕೊಟ್ಟಿತ್ತು. ಹೈಕೋರ್ಟು ಎಲ್ಲರನ್ನೂ ಬಿಟ್ಟಿತು. 2005ರಲ್ಲಿ ಸುಪ್ರೀಂ ಕೋರ್ಟು ಗುಂಡು ಹಾರಿಸಿದವನೊಬ್ಬನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು, ಉದ್ಯಮಿಗಳು ಮನೆಗೆ ಹೋದರು.

ಈಗ ನಮ್ಮ ಸಂಘಕ್ಕೆ ಬರೋಣ. ನಿಮ್ಮಲ್ಲಿ ಕೆಲವರು ಕೇಳಬಹುದು, ಅವರದು ಸರ್ಕಾರದ ದೊಡ್ಡ ಗಣಿ, ನಮ್ಮದು ಚೂರು ಬಂಡೆ, ನಮಗೆ ಯೂನಿಯನ್ ಯಾಕೆ, ಸೊಸೈಟಿ ಸಾಕಲ್ಲ ಅಂತ. ಸರಿ. ಸೊಸೈಟಿ ಆದರೂ ಮೊದಲ ಜಗಳ ಅಳತೆಯದು. ಲಾರಿಗೆ ಒಂದು ಲೋಡು ಅಂತಾರೆ. ಹಲಗೆ ಎತ್ತರ ಮಾಡಿ ಒಂದೂಕಾಲು ತುಂಬಿಸಿಕೊಳ್ತಾರೆ. ಕೂಲಿ ಒಂದಕ್ಕೆ ಮಾತ್ರ. ಇದು ನಾವು ಕಟ್ಟಿ ಹೇಳ್ತಿರೋ ಕಥೆಯಲ್ಲ. ದಿಲ್ಲಿ ಪಕ್ಕದ ಫರೀದಾಬಾದಿನ ಕಲ್ಲುಕ್ವಾರಿ ಜೀತದವರ ಪರವಾಗಿ ಬಂಧುವಾ ಮುಕ್ತಿ ಮೋರ್ಚಾದವರು ಬರೆದ ಒಂದು ಕಾಗದವನ್ನೇ ಅರ್ಜಿ ಅಂತ ತಗೊಂಡು ಸುಪ್ರೀಂ ಕೋರ್ಟು 1983ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಭಗವತಿಯವರ ತೀರ್ಪು. ಅದರಲ್ಲಿ ಈ ಲಾರಿ ಅಳತೆಯ ಮಾತು ಇದೆ. ನಿಜವಾದ ಅಳತೆಗಿಂತ ಜಾಸ್ತಿ ತುಂಬುತ್ತಾರೋ ಅಂತ ಅಧಿಕಾರಿಗಳು ಹೇಳದೆ ಕೇಳದೆ ಹೋಗಿ ನೋಡಬೇಕು ಅಂದಿದೆ. ಕೂಲಿಯನ್ನ ಮೇಸ್ತ್ರಿ ಕೈಗೆ ಕೊಡದೆ ದುಡಿದವರ ಕೈಗೇ ಕೊಡಬೇಕು, ಕುಡಿಯೋ ನೀರು ಕೊಡಬೇಕು, ದೂಳು ಅಡಗಿಸಬೇಕು, ಎಲ್ಲ ಇದೆ. ದೇಶದ ದೊಡ್ಡ ಕೋರ್ಟಿಗೆ ಲಾರಿ ಹಲಗೆಯ ಎತ್ತರ ಗೊತ್ತಾಯಿತು. ನಮ್ಮ ತಾಲ್ಲೂಕಿನ ಆಫೀಸಿಗೆ ಇನ್ನೂ ಗೊತ್ತಾಗಿಲ್ಲ.

ಎರಡನೆಯ ಜಗಳ ಬಂಡೆಯ ಕಾಗದದ್ದು. ಲೀಸು ಯಾರ ಹೆಸರಲ್ಲಿ? ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಮೊದಲಲ್ಲಿ ಶೀಲಾರಾಣಿ ಚುಂಕತ್ ಅನ್ನೋ ಕಲೆಕ್ಟರ್ ಇದ್ದರು. ಅವರ ಕಾಲದಲ್ಲಿ ಕಲ್ಲುಕ್ವಾರಿಗಳನ್ನ ಕಂಟ್ರಾಕ್ಟರುಗಳಿಗೆ ಕೊಡದೆ, ಅಲ್ಲೇ ಜೀತದ ಹಾಗೆ ದುಡೀತಿದ್ದ ಬಡ ಹೆಂಗಸರ ಗುಂಪುಗಳಿಗೆ ಕೊಟ್ಟರು. ಅದರಲ್ಲಿ ದಲಿತ ಹೆಂಗಸರು ಬಹಳ. ಅದೇ ಹೊತ್ತಿಗೆ ಅಕ್ಷರ ಕಲಿಸುವ ಅರಿವೊಳಿ ಚಳುವಳಿ ಆ ಜಿಲ್ಲೆಯಲ್ಲಿ ಜೋರಾಗಿತ್ತು. ಹೆಂಗಸರು ಓದು ಬರಹ ಕಲಿತರು, ಸೈಕಲ್ ಹೊಡೆಯೋದು ಕಲಿತರು. ಸೈಕಲ್ಲಿಗೂ ಕ್ವಾರಿಗೂ ಏನು ಸಂಬಂಧ ಅನ್ನಬೇಡಿ. ಲೆಕ್ಕದ ಚೀಟಿ ಓದೋಕೆ ಬಂದರೆ, ಆಫೀಸಿಗೆ ಯಾರ ಹಂಗೂ ಇಲ್ಲದೆ ಹೋಗಿ ಬರೋಕೆ ಆದರೆ, ನಡುವಿನ ದಲ್ಲಾಳಿಗೆ ಕೆಲಸ ಇರೋದಿಲ್ಲ. ಪಿ. ಸಾಯಿನಾಥರು 1996ರಲ್ಲಿ ಬಂದ ತಮ್ಮ ಬರಗಾಲದ ಪುಸ್ತಕದಲ್ಲಿ ಪುದುಕೋಟೆಯ ಆ ಹೆಂಗಸರನ್ನ ಕುರಿತು ಬರೆದಿದ್ದಾರೆ. ಆದರೆ ಅಲ್ಲಿ ಒಂದು ತೊಡಕಿತ್ತು. ಲೀಸು ಬಂದದ್ದು ಒಬ್ಬ ಒಳ್ಳೆ ಅಧಿಕಾರಿಯ ಕೈಯಿಂದ. ಅಧಿಕಾರಿಗಳಿಗೆ ವರ್ಗ ಆಗುತ್ತೆ, ಕಂಟ್ರಾಕ್ಟರುಗಳಿಗೆ ಆಗೋದಿಲ್ಲ. ಬೆಂಬಲ ಸಡಿಲವಾದ ಕೂಡಲೆ ಹಳಬರು ಮತ್ತೆ ತಲೆ ತೂರಿಸಿದರು. ದಲ್ಲಿ ರಾಜಹರಾದವರಿಗೆ ಕಲೆಕ್ಟರು ಸಿಗಲಿಲ್ಲ, ಗುಂಡು ಸಿಕ್ಕಿತು. ಆದರೂ ಅವರ ಆಸ್ಪತ್ರೆ ನಿಂತಿದೆ. ಇದನ್ನ ನೀವು ರಾತ್ರಿ ಮನೆಗೆ ಹೋಗಿ ಯೋಚನೆ ಮಾಡಬೇಕು.

ಆಂಧ್ರದ ಆದಿವಾಸಿ ಪ್ರದೇಶಕ್ಕೆ ಸಂಬಂಧಪಟ್ಟ ಸಮತಾ ಕೇಸು ಅಂತ ಒಂದಿದೆ, 1997ರ ಜುಲೈ ತಿಂಗಳ ತೀರ್ಪು. ಪರಿಶಿಷ್ಟ ಪ್ರದೇಶದಲ್ಲಿ ಹೊರಗಿನ ಖಾಸಗಿಯವರಿಗೆ ಗಣಿ ಲೀಸು ಕೊಡಕೂಡದು, ಸರ್ಕಾರದ ಸಂಸ್ಥೆ ಮಾಡಲಿ, ಇಲ್ಲವೆ ಆದಿವಾಸಿಗಳ ಸಹಕಾರ ಸಂಘ ಮಾಡಲಿ ಅಂತ ಸುಪ್ರೀಂ ಕೋರ್ಟು ಹೇಳಿತು. ನಿವ್ವಳ ಲಾಭದಲ್ಲಿ 20 ಪರ್ಸೆಂಟಾದರೂ ಅಲ್ಲಿಯ ಜನರ ಶಾಲೆ, ಆಸ್ಪತ್ರೆ, ನೀರಿಗೆ ತೆಗೆದಿಡಬೇಕು ಅಂತಲೂ ಹೇಳಿತು. ಇದು ನಮಗೆ ನೇರವಾಗಿ ದಕ್ಕೋದಿಲ್ಲ. ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶ ಅಂತ ಒಂದಂಗುಲವೂ ಇಲ್ಲ. ಇಲ್ಲಿ ನಡೆಯೋದು 1994ರ ಉಪ ಖನಿಜ ನಿಯಮಗಳು. 2016ರ ತಿದ್ದುಪಡಿ ಆದ ಮೇಲೆ ಸರ್ಕಾರಿ ಬಂಡೆಗೆ ಹರಾಜಿನ ದಾರಿ ಬಂತು. ಹರಾಜು ಅಂದರೆ ಎಲ್ಲರಿಗೂ ಸಮಾನ ಅವಕಾಶ ಅಂತ ಕಾನೂನು ಓದಿದವರು ಹೇಳ್ತಾರೆ. ಕೋಟಿ ಇರುವವನೂ ಕೂಗಬಹುದು, ಸುತ್ತಿಗೆ ಮಾತ್ರ ಇರುವವನೂ ಕೂಗಬಹುದು. ಎಂಥ ಸಮಾನತೆ! ಸಂಘ ಆದ ಮೇಲೆ ಸರ್ಕಾರದ ಮುಂದೆ ನಾವು ಇಡಬೇಕಾದ ಮೊದಲ ಮಾತು ಇದು. ತಲೆತಲಾಂತರದಿಂದ ಕಲ್ಲು ಒಡೆದವರ ಸಂಘಕ್ಕೆ, ಹರಾಜಿಲ್ಲದೆ, ಅದೇ ಊರಿನ ಬಂಡೆ.

ಇನ್ನು ದುಡ್ಡು. ಗಣಿ ಕೂಲಿಗಳಿಗೆ ಅಂತಲೇ ಒಂದು ನಿಧಿ ಇರಬೇಕು ಅನ್ನೋದನ್ನ ಈ ದೇಶದಲ್ಲಿ ಕಾನೂನು ಮಾಡಿದವರು ಯಾರು? 1942ರಿಂದ 1946ರ ತನಕ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡವರು ಬಾಬಾಸಾಹೇಬರು. 1943ರ ಡಿಸೆಂಬರಿನಲ್ಲಿ ಧನಬಾದಿನ ಕಲ್ಲಿದ್ದಲು ಗಣಿಗೆ ಹೋಗಿ ಒಳಗೆ ಇಳಿದು ನೋಡಿ ಬಂದರು. 1944ರಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರ ಕಲ್ಯಾಣ ನಿಧಿ, 1946ರಲ್ಲಿ ಅಭ್ರಕ ಗಣಿ ಕಾರ್ಮಿಕರ ಕಲ್ಯಾಣ ನಿಧಿ, ಎರಡೂ ಅವರ ಕಾಲದ್ದು. ಬಾಬಾಸಾಹೇಬರು ಸಂವಿಧಾನ ಬರೆದರು ಅಂತ ಎಲ್ಲರೂ ಹೇಳ್ತಾರೆ. ಗಣಿಗೆ ಇಳಿದರು ಅಂತ ನಮ್ಮ ಜಯಂತಿ ಭಾಷಣಗಳಲ್ಲೂ ಯಾರೂ ಹೇಳೋದಿಲ್ಲ. ಅದೇ ಮಾದರಿಯಲ್ಲಿ ಆಮೇಲೆ ಕಬ್ಬಿಣ, ಸುಣ್ಣಕಲ್ಲಿನ ಗಣಿಗಳಿಗೂ ಸೆಸ್ ಬಂತು. 2016-17ರಲ್ಲಿ, ಜಿಎಸ್‌ಟಿ ಬರೋ ಹೊತ್ತಿಗೆ, ಆ ಕಲ್ಯಾಣ ಸೆಸ್ಸುಗಳನ್ನ ತೆಗೆದುಹಾಕಿದರು.

ಅದರ ಪಕ್ಕದಲ್ಲೇ 2015ರ ತಿದ್ದುಪಡಿಯಿಂದ ಇನ್ನೊಂದು ಬಂತು, ಜಿಲ್ಲಾ ಖನಿಜ ಪ್ರತಿಷ್ಠಾನ. ಗಣಿ ಮಾಲೀಕರು ರಾಯಧನದ ಜೊತೆಗೆ, ಹಳೆ ಲೀಸಾದರೆ ರಾಯಧನದ 30 ಪರ್ಸೆಂಟು, ಹರಾಜಿನ ಲೀಸಾದರೆ 10 ಪರ್ಸೆಂಟು ಈ ಪ್ರತಿಷ್ಠಾನಕ್ಕೆ ಕಟ್ಟಬೇಕು. ನಮ್ಮ ಕಲ್ಲಿನಂಥ ಉಪ ಖನಿಜಕ್ಕೆ ಎಷ್ಟು ಅಂತ ರಾಜ್ಯ ಗೊತ್ತು ಮಾಡುತ್ತೆ. ನೀರು, ಆರೋಗ್ಯ, ಶಿಕ್ಷಣ ಇಂಥವಕ್ಕೆ ಹೆಚ್ಚು ಪಾಲು ಹೋಗಬೇಕು, 2024ರ ಹೊಸ ಮಾರ್ಗಸೂಚಿ ಪ್ರಕಾರ ಕಡೇ ಪಕ್ಷ 70 ಪರ್ಸೆಂಟು. ಓದೋಕೆ ಚೆನ್ನಾಗಿದೆ. ಅಧ್ಯಕ್ಷರು ಡಿ.ಸಿ. ಸಾಹೇಬರು. 2021ರಲ್ಲಿ ಎಂ.ಪಿ., ಎಂ.ಎಲ್.ಎ.ಗಳೂ ಸೇರಲಿ ಅಂತ ಕೇಂದ್ರದ ಆದೇಶ ಆಯಿತು. ಕಲ್ಲು ಒಡೆಯುವವರಿಗೆ ಅಂತ ಗೊತ್ತಾದ ಒಂದು ಕುರ್ಚಿಯೂ ಇಲ್ಲ. ನಿಧಿಯ ಲೆಕ್ಕ ಊರಿನ ಲೆಕ್ಕ, ಪಂಚಾಯಿತಿಯ ಲೆಕ್ಕ. ಬೇರೆ ತಾಲ್ಲೂಕಿನಿಂದ ಬಂದು ಕ್ವಾರಿ ಪಕ್ಕದ ಶೆಡ್ಡಿನಲ್ಲಿ ಇರುವ ನಮ್ಮವನು ಯಾವ ಗ್ರಾಮಸಭೆಯ ಪುಸ್ತಕದಲ್ಲಿ ಇದ್ದಾನೆ? ದೂಳು ಮಾತ್ರ ಪಂಚಾಯಿತಿ ಗಡಿ ನೋಡದೆ ಅವನ ಎದೆಗೆ ಇಳಿಯುತ್ತೆ.

ಆ ದೂಳಿನ ಹೆಸರು ಸಿಲಿಕಾ, ಕಾಯಿಲೆಯ ಹೆಸರು ಸಿಲಿಕೋಸಿಸ್. ಎದೆ ಕಲ್ಲಾಗುವ ಕಾಯಿಲೆ. ವಾಸಿ ಮಾಡುವ ಮದ್ದು ಇಲ್ಲ. ಟಿ.ಬಿ. ಅಂತ ಬರೆದು ಮಾತ್ರೆ ಕೊಟ್ಟು ಕಳಿಸ್ತಾರೆ. ಟಿ.ಬಿ. ಅಂದರೆ ಯಾರ ತಪ್ಪೂ ಅಲ್ಲ, ಸಿಲಿಕೋಸಿಸ್ ಅಂದರೆ ಮಾಲೀಕನ ತಪ್ಪು. ರಾಜಸ್ಥಾನದಲ್ಲಿ ಗಣಿ ಕೂಲಿಗಳ ಪರ ಸಂಘಟನೆಗಳು ವರ್ಷಗಟ್ಟಲೆ ಬಡಿದಾಡಿದ ಮೇಲೆ 2019ರಲ್ಲಿ ಸರ್ಕಾರ ಒಂದು ನೀತಿ ತಂತು. ಕಾಯಿಲೆ ಅಂತ ಸರ್ಟಿಫಿಕೇಟು ಆದವರಿಗೆ 3 ಲಕ್ಷ, ಸತ್ತರೆ ಮನೆಯವರಿಗೆ 2 ಲಕ್ಷ, ಪಿಂಚಣಿ ಬೇರೆ. ಕರ್ನಾಟಕದಲ್ಲಿ ಕಲ್ಲಿನ ಸುದ್ದಿ ಪೇಪರಿಗೆ ಬರೋದು ಮದ್ದು ಸಿಡಿದಾಗ ಮಾತ್ರ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಮರು ತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ, ಅಲ್ಲಿ ಆರು ಜನ. ಸಿಡಿದು ಸತ್ತರೆ ಮಂತ್ರಿ ಬರ್ತಾರೆ. ಕೆಮ್ಮಿ ಕೆಮ್ಮಿ ಸತ್ತರೆ ಊರ ಸೋಮಾರಿಯೂ ಬರೋದಿಲ್ಲ.

ಬೋವಿಗಳು ಬೇರೆ, ಮಾದಿಗರು ಬೇರೆ, ಹೊಲೆಯರು ಬೇರೆ, ಮೂರು ಸಂಘ ಮಾಡಿಕೊಳ್ಳೋಣ ಅನ್ನೋ ಮಾತು ಬೆಳಿಗ್ಗೆ ಟೀ ಅಂಗಡಿಯಲ್ಲಿ ನಮ್ಮ ಕಿವಿಗೆ ಬಿತ್ತು. ಕಂಟ್ರಾಕ್ಟರು ಒಬ್ಬನೇ ಇದ್ದಾನೆ. ಅವನು ಮೂರು ಮಾಡಿಕೊಂಡಿಲ್ಲ.

ಕೆಲಸದ ಮಾತು ಹೇಳಿ ಮುಗಿಸ್ತೀವಿ. ಮುಂದಿನ ಅಮಾವಾಸ್ಯೆ ರಜಾ ದಿನ ಇಲ್ಲೇ ಮತ್ತೆ ಸೇರೋಣ. ಬರುವಾಗ ಒಬ್ಬೊಬ್ಬರೂ ಆ ತನಕದ ಲೋಡಿನ ಚೀಟಿ ತನ್ನಿ. ಚೀಟಿ ಕೊಡದಿದ್ದರೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಹಾಕಿ, ಎಷ್ಟು ಅಂತ ಎಣಿಸಿಕೊಂಡು ಬನ್ನಿ. ಲಾರಿ ಹಲಗೆಯ ಉದ್ದ, ಅಗಲ, ಎತ್ತರ ಒಂದು ದಾರದಿಂದ ಅಳೆದು ದಾರವನ್ನೇ ತನ್ನಿ. ಹತ್ತು ವರ್ಷದಿಂದ ಈಚೆಗೆ ಕೆಮ್ಮಿ ಸತ್ತವರ ಹೆಸರುಗಳನ್ನ ಓದು ಬಂದ ಹುಡುಗಿಯರು ಮನೆ ಮನೆಗೆ ಹೋಗಿ ಬರಕೊಳ್ಳಲಿ. ಎಷ್ಟು ವರ್ಷ ಕಲ್ಲು ಒಡೆದರು, ಆಸ್ಪತ್ರೆಯ ಚೀಟಿಯಲ್ಲಿ ಏನು ಬರೆದಿತ್ತು ಅನ್ನೋದನ್ನೂ ಬರಕೊಳ್ಳಲಿ. ಚಂದಾ ಎಷ್ಟು ಅಂತ ಕೇಳಿದಿರಿ. ತಿಂಗಳಿಗೆ ಅರ್ಧ ದಿನದ ಕೂಲಿ ಅಂತ ಇಟ್ಟುಕೊಳ್ಳೋಣ, ಗಂಡ ಹೆಂಡತಿ ಇಬ್ಬರೂ ದುಡಿಯೋ ಮನೆಯಲ್ಲಿ ಇಬ್ಬರ ಹೆಸರಲ್ಲೂ ಬೇರೆ ಬೇರೆ ರಸೀತಿ. ರಬ್ಬರ್ ಸ್ಟಾಂಪು ಮಾಡಿಸೋದು ಆಮೇಲೆ ನೋಡೋಣ.

ಜೈ ಭೀಮ್.